ಇಲ್ಲಿ ಒಳ್ಳೆ ಲೋಕಲ್ ಊಟ ಎಲ್ಲಿ ಸಿಗುತ್ತೆ ಸಾರ್?

ಶನಿವಾರ ಬೆಳಿಗ್ಗೆ ನಮ್ಮ ಚಿಕ್ಕಮಗಳೂರಿನ ಐ.ಜಿ. ರೋಡಿನಲ್ಲಿ ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ನಿಂತಿದ್ದೆ. ಬೆಂಗಳೂರಿನ ಕಾರೊಂದು ಪಕ್ಕಕ್ಕೆ ಬಂದು ಗಾಜು ಇಳಿಸಿತು. ಮೊದಲು ಎಸಿ ತಂಪು ಬಂತು, ಆಮೇಲೆ ಚಿಪ್ಸ್ ವಾಸನೆ, ಆಮೇಲೆ ಪ್ರಶ್ನೆ. "ಸಾರ್, ಇಲ್ಲಿ ಆಥೆಂಟಿಕ್ ಮಲ್ನಾಡ್ ಊಟ ಎಲ್ಲಿ ಸಿಗುತ್ತೆ?"

ನಿಜವಾದ ಉತ್ತರ ಒಂದೇ. ನಮ್ಮನೆಯಲ್ಲಿ. ಆದರೆ ಕಾರಿನಲ್ಲಿ ಏಳು ಜನ ಇದ್ದರು. ನಮ್ಮನೆಯಲ್ಲಿ ಅವತ್ತು ತಿಂಡಿಗೆ ರಾತ್ರಿ ಉಳಿದ ಅನ್ನದ ಚಿತ್ರಾನ್ನ. ಸುಮ್ನೆ ಕೈ ಆ ಕಡೆ ತೋರಿಸಿದೆ. ಅವರು ಥ್ಯಾಂಕ್ಸ್ ಹೇಳಿ ಹೋದರು. ಆ ಕಡೆ ಏನಿದೆ ಅಂತ ನನಗೂ ಗೊತ್ತಿಲ್ಲ.

ನಾನು ಹುಟ್ಟಿದಾಗಿಂದ ಚಿಕ್ಕಮಗಳೂರಿನ ಹೋಟೆಲುಗಳಲ್ಲಿ ತಿಂದಿದ್ದು ಇಡ್ಲಿ, ವಡೆ, ಮಸಾಲೆ ದೋಸೆ, ಪೂರಿ ಸಾಗು. ಮನೆಯಲ್ಲಿ ಕಡುಬು, ಅಕ್ಕಿ ರೊಟ್ಟಿ ತಿಂದು ತಿಂದು ಬೇಜಾರಾದರೆ ಹೋಟೆಲಿಗೆ ಹೋಗುತ್ತಿದ್ದೆವು. ದುಡ್ಡು ಕೊಟ್ಟು ಯಾರಾದರೂ ಕಡುಬು ತಿಂದರೆ, ಪಾಪ, ಮನೆಯಲ್ಲಿ ಏನೋ ಜಗಳ ಆಗಿರಬೇಕು ಅಂತ ಮರುಗುತ್ತಿದ್ದರು. ಈಗ ಬೆಟ್ಟದ ರಸ್ತೆಯ ತಿರುವಿಗೊಂದು ಅಜ್ಜಿ ಚಿತ್ರದ ಬೋರ್ಡು. ಒಳಗೆ ಹೋದರೆ ಅಜ್ಜಿ ಇರುವುದಿಲ್ಲ. ಗೋಬಿ ಮಂಚೂರಿ ಇರುತ್ತದೆ.

ಅಜ್ಜಿ ಇದ್ದಿದ್ದರೂ ಒದ್ದಾಡಿಬಿಡುತ್ತಿದ್ದಳು. ಯಾಕೆಂದರೆ ಮಲೆನಾಡಿನ ಅಡುಗೆಗೆ ಕ್ಯಾಲೆಂಡರ್ ಇದೆ, ಗಿರಾಕಿಗೆ ಇಲ್ಲ. ಕಳಲೆ, ಅಂದರೆ ಎಳೆ ಬಿದಿರು, ಬರುವುದು ಮಳೆಗಾಲದಲ್ಲಿ. ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಚೆಲ್ಲಬೇಕು. ಇಲ್ಲದಿದ್ದರೆ ಬರೀ ಕಹಿಯಲ್ಲ, ಅದರಲ್ಲಿ ವಿಷವೂ ಉಂಟು. ನಮ್ಮ ಅತಿಥಿಗಳು ಬರುವುದು ಡಿಸೆಂಬರಿನ ಉದ್ದ ವೀಕೆಂಡಿಗೆ. "ಫ್ರೆಶ್ ಕಳಲೆ ಇಲ್ವಾ?" ಅನ್ನುತ್ತಾರೆ, ಮೊಬೈಲ್ ರೀಚಾರ್ಜ್ ಇಲ್ವಾ ಅಂದಷ್ಟು ಸಲೀಸಾಗಿ. ಕೆಸುವಿನೆಲೆಯ ಪತ್ರೊಡೆಗೂ ಇದೇ ಗತಿ. ಹುಣಸೆಹುಳಿ ಸ್ವಲ್ಪ ಕಮ್ಮಿ ಬಿದ್ದರೂ ಗಂಟಲು ಕೆರೆಯುತ್ತದೆ. ನಮ್ಮಲ್ಲಿ ಹಾಗಾದರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಮಾಡಿದವರಿಗೆ ಕೇಳಿಸುವ ಹಾಗೆ ಕೆಮ್ಮುತ್ತೇವೆ. ಅತಿಥಿಗಳು ಒಂದು ಸ್ಟಾರ್ ಕೊಡುತ್ತಾರೆ.

ಅಕ್ಕಿ ರೊಟ್ಟಿಯ ಕಥೆ ಕೇಳಿದರೆ ನಿಮಗೆ ಕಣ್ಣೀರು ಬರಬೇಕು. ನಮ್ಮದು ಉಕ್ಕರಿಸಿದ ಹಿಟ್ಟಿನ ರೊಟ್ಟಿ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಬಿಸಿಯಿದ್ದಾಗಲೇ ನಾದಿ, ತೆಳ್ಳಗೆ ಒತ್ತಿ, ಕೆಂಡದ ಮೇಲೆ ಇಟ್ಟರೆ ಪೂರಿಯ ಹಾಗೆ ಉಬ್ಬುತ್ತದೆ. ಬೆಳ್ಳಗಿರುತ್ತದೆ, ಏನೂ ಹಾಕಿರುವುದಿಲ್ಲ. ಇದನ್ನು ತಟ್ಟೆಗೆ ಹಾಕಿದರೆ ಬೆಂಗಳೂರಿನವರು ತಿರುವಿ ನೋಡಿ, "ಇದರಲ್ಲಿ ಈರುಳ್ಳಿ, ಸಬ್ಬಸಿಗೆ ಎಲ್ಲಿ? ಇದು ಆಥೆಂಟಿಕ್ ಅಲ್ಲ" ಅನ್ನುತ್ತಾರೆ. ಬಯಲುಸೀಮೆಯ ರೊಟ್ಟಿ ತಿಂದು ಬೆಳೆದವರಿಗೆ ಮಲೆನಾಡಿನ ರೊಟ್ಟಿ ನಕಲಿ. ಹೋಟೆಲಿನವರು ಜಾಣರು. ಈಗ ಈರುಳ್ಳಿ, ಸಬ್ಬಸಿಗೆ, ಕ್ಯಾರೆಟ್ಟು ಎಲ್ಲ ಹಾಕಿ ದಪ್ಪಗೆ ತಟ್ಟುತ್ತಾರೆ. ಹೆಸರು ಅದೇ, ಮಲ್ನಾಡ್ ರೊಟ್ಟಿ.

ಸ್ಟಾರುಗಳ ವಿಷಯ ಬಂತಲ್ಲ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಶಿಖರ. ಅಲ್ಲಿಗೆ ಹೋಗುವ ದಾರಿಯ ಒಂದು ಹೋಟೆಲಿಗೆ ಯಾರೋ ಎರಡು ಸ್ಟಾರ್ ಕೊಟ್ಟು ಕಾರಣ ಬರೆದಿದ್ದರು: ಊಟ ಚೆನ್ನಾಗಿತ್ತು, ಮಂಜಿನಿಂದ ವ್ಯೂ ಕಾಣಲಿಲ್ಲ. ಮಂಜನ್ನು ಸಪ್ಲೈಯರ್ ತಡೆಯಬೇಕಿತ್ತು, ನಿಜ. ಸಾಂಬಾರಿನ ಬಕೆಟ್ ಬೇರೆ ಕೈಯಲ್ಲಿತ್ತು, ಏನು ಮಾಡುತ್ತಾನೆ.

ಬರೀ ಹೊರಗಿನವರನ್ನು ಬೈದರೆ ತಪ್ಪಾಗುತ್ತದೆ. ಊರಿನವರನ್ನು ಕೇಳಿ ನೋಡಿ, ಯಾವ ಹೋಟೆಲು ಚೆನ್ನಾಗಿದೆ ಅಂತ. ಚಿಕ್ಕಮಗಳೂರಿನಲ್ಲಿ ಚೆನ್ನಾಗಿ'ದೆ' ಅನ್ನುವ ಹೋಟೆಲೇ ಇಲ್ಲ. ಎಲ್ಲವೂ ಚೆನ್ನಾಗಿ'ತ್ತು'. "ಮುಂಚಿನ ರುಚಿ ಈಗೆಲ್ಲಿ ಬಂತು? ಭಟ್ರು ಬಿಟ್ಟು ಹೋದ್ಮೇಲೆ ಮುಗೀತು." ಯಾವ ಭಟ್ಟರು, ಯಾವಾಗ ಬಿಟ್ಟರು, ಯಾರಿಗೂ ಗೊತ್ತಿಲ್ಲ. ಹೀಗೆ ಹೇಳುವವರು ದಿನಾ ಬೆಳಿಗ್ಗೆ ಏಳೂವರೆಗೆ ಅದೇ ಹೋಟೆಲಿನ ಅದೇ ಮೂಲೆಯ ಟೇಬಲ್ಲಿನಲ್ಲಿ ಕೂತು, ಎರಡನೇ ಸಲ ಚಟ್ನಿ ಹಾಕಿಸಿಕೊಂಡೇ ಹೇಳುತ್ತಾರೆ. ನಾನೂ ಅವರಲ್ಲೊಬ್ಬ.

ಒಬ್ಬನಾಗಿದ್ದೆ ಅನ್ನಬೇಕು. ಹೋದ ವರ್ಷ ಒಬ್ಬ ಹುಡುಗ ಬಂದು ನಮ್ಮ ಹೋಟೆಲಿನ ಇಡ್ಲಿಯ ರೀಲ್ ಮಾಡಿ 'ಹಿಡನ್ ಜೆಮ್' ಅಂತ ಹಾಕಿಬಿಟ್ಟ. ಮೇನ್ ರೋಡಿನಲ್ಲಿ ಆಳೆತ್ತರದ ಬೋರ್ಡು ಹಾಕಿಕೊಂಡು, ನಮ್ಮಪ್ಪನ ಕಾಲದಿಂದ ಎದ್ದು ಕಾಣುವ ಹೋಟೆಲು ಯಾರಿಂದ ಅಡಗಿತ್ತೋ ದೇವರೇ ಬಲ್ಲ. ಅವತ್ತಿನಿಂದ ಶನಿವಾರ, ಭಾನುವಾರ ನಮಗೆ ಸೀಟಿಲ್ಲ. ಇಡ್ಲಿ ಬಂದರೆ ರೀಲ್ ನೋಡಿ ಬಂದವರು ತಿನ್ನುವುದಿಲ್ಲ. ಮೊದಲು ಮೇಲಿನಿಂದ ಒಂದು ಫೋಟೋ, ಪಕ್ಕದಿಂದ ಒಂದು, ಆಮೇಲೆ ಚಟ್ನಿ ಸುರಿಯುವ ವೀಡಿಯೋ. ಕೈ ನಡುಗಿದರೆ ಇನ್ನೊಂದು ಸಲ ಸುರಿಯುತ್ತಾರೆ. ಹಿಂದೆ ನಿಂತ ನಾವು ಆರಿಹೋಗುತ್ತಿರುವ ಇಡ್ಲಿಯನ್ನು ನೋಡುತ್ತಾ ಮನಸ್ಸಲ್ಲೇ ಮಂತ್ರ ಹೇಳಿಕೊಳ್ಳುತ್ತೇವೆ. ಯಾವ ಮಂತ್ರ ಅಂತ ಬರೆಯುವ ಹಾಗಿಲ್ಲ.

ಬೆಟ್ಟಕ್ಕೆ ವಾಹನ ಜಾಸ್ತಿ ಆಯಿತು ಅಂತ 2025ರಲ್ಲಿ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ 600 ವಾಹನ. ಬೆಟ್ಟಕ್ಕೆ ಸಿಕ್ಕ ಈ ರಕ್ಷಣೆ ನಮ್ಮ ಇಡ್ಲಿಗೂ ಸಿಗಲಿ. ಸ್ಥಳೀಯರಿಗೆ ಒಂದು ಬೆಂಚು ಮೀಸಲು. ಆಧಾರ್ ತೋರಿಸಿ ಕೂರುತ್ತೇವೆ.

ಇನ್ನು ಕಾಫಿ. ಯೆಮನ್ನಿನ ಮೋಖಾದಿಂದ ಏಳು ಬೀಜ ಬಂದು ಬಾಬಾಬುಡನ್‌ಗಿರಿಯಲ್ಲಿ ಬೇರು ಬಿಟ್ಟ ಊರು ನಮ್ಮದು ಅಂತ ಎದೆ ಉಬ್ಬಿಸುತ್ತೇವೆ. 1925ರಲ್ಲೇ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಕಾಫಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಬಂತು. ಒಳ್ಳೆ ಬೀಜ ಹಡಗು ಹತ್ತಿ ಹೋಗುತ್ತದೆ. ಉಳಿದಿದ್ದಕ್ಕೆ ಗುಜರಾತಿನಿಂದಲೋ ಉತ್ತರ ಪ್ರದೇಶದಿಂದಲೋ ಬಂದ ಚಿಕೋರಿ ಬೆರೆಸಿ ಕುಡಿದು, "ಏನೇ ಹೇಳಿ, ನಮ್ಮೂರ ಕಾಫಿಯ ಗಮ್ಮತ್ತೇ ಬೇರೆ" ಅನ್ನುತ್ತೇವೆ. ಮೊನ್ನೆ ಹೊಸ ಕೆಫೆಯೊಂದಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಜೀವನವಿಡೀ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಲೋಟದ ಜೊತೆ ಒಂದು ಚೀಟಿ ಕೊಟ್ಟರು. ಇದರಲ್ಲಿ ಕಿತ್ತಳೆ, ಬೆಲ್ಲ, ಹಸಿಮಣ್ಣಿನ ಛಾಯೆ ಇದೆಯಂತೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಒಂದು ಗುಟುಕು ಕುಡಿದು ಹೇಳಿದರು: "ಸಕ್ಕರೆ ಕಮ್ಮಿ." ಮೆನುವಿನ ಕೊನೆಯಲ್ಲಿ ಬೆಲ್ಲದ ಕಪ್ಪು ಕಾಫಿಯೂ ಇತ್ತು, ಮಣ್ಣಿನ ಕುಡಿಕೆಯಲ್ಲಿ, 160 ರೂಪಾಯಿ. ಹಾಲು, ಸಕ್ಕರೆ ಕೈಗೆಟುಕದ ಲೈನ್‌ಮನೆಯ ತೋಟದ ಕೂಲಿಯವರು ಬೆಳಿಗ್ಗೆ ಕುಡಿದು ಕೆಲಸಕ್ಕೆ ಹೋಗುತ್ತಿದ್ದ ಕಾಫಿ ಅದು. ಅಪ್ಪ ಬೆಲೆ ನೋಡಿ ಏನೂ ಹೇಳಲಿಲ್ಲ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅದಕ್ಕೂ ಸೇರಿಸಿ ದುಡ್ಡು ಕೊಟ್ಟಿದ್ದೀವಲ್ಲ ಅಂದರು.

ದೀಪಾವಳಿಗೆ ಹೆಂಡತಿಯ ಅಣ್ಣನ ಮಗ ಬಂದಿದ್ದ. ಮನೆಯಲ್ಲಿ ಕಡುಬು ಬೇಯುತ್ತಿತ್ತು, ಒಲೆ ಮೇಲೆ ಕೋಳಿ ಸಾರು. "ಅತ್ತೆ, ಇದೆಲ್ಲ ರಾತ್ರಿಗಿರಲಿ, ಒಂದು ಜಾಗ ಸೇವ್ ಮಾಡ್ಕೊಂಡಿದೀನಿ" ಅಂತ ನಮ್ಮನ್ನೆಲ್ಲ ಹೊರಡಿಸಿದ. ಇಪ್ಪತ್ತು ಕಿಲೋಮೀಟರ್ ತಿರುವು, ಮಗಳಿಗೆ ಎರಡು ಸಲ ವಾಂತಿ, ಒಂದೂವರೆ ಗಂಟೆ ಕಾಯುವುದು. ಕೊನೆಗೆ ಹಿತ್ತಾಳೆ ತಟ್ಟೆ ಬಂತು. ಅದರ ಮೇಲೆ ಬಾಳೆಲೆಯ ತುಂಡು. ಅದರ ಮೇಲೆ ಎರಡು ಕಡುಬು, ಒಂದು ಬಟ್ಟಲು ಕೋಳಿ ಸಾರು. ಹೆಂಡತಿ ಕಡುಬು ಮುರಿದು ನೋಡಿದಳು. ಅಕ್ಕಿ ತರಿ ಸರಿಯಾಗಿ ಬೆಂದಿರಲಿಲ್ಲ. ಹುಡುಗ ಫೋಟೋ ತೆಗೆಯುತ್ತಾ "ಅತ್ತೆ, ಹೇಗಿದೆ?" ಅಂದ. ಅವಳು "ಮುಂಚೆ ಚೆನ್ನಾಗಿತ್ತು" ಅಂದಳು. ಆ ಹೋಟೆಲು ಶುರುವಾಗಿ ಹದಿನೈದು ದಿನ ಆಗಿತ್ತು.

ಈಗ ನಾನು ಒಂದು ದಾರಿ ಕಂಡುಕೊಂಡಿದ್ದೇನೆ. ಹೋದ ಶನಿವಾರ ಇನ್ನೊಂದು ಕಾರು ಗಾಜು ಇಳಿಸಿತು, ಅದೇ ಪ್ರಶ್ನೆ. "ನಿಜವಾದ ಮಲ್ನಾಡ್ ಊಟ ಬೇಕಂದ್ರೆ ಹಾಸನಕ್ಕೆ ಹೋಗಿ. ಬೇಲೂರು ಮೇಲೆ ಅರವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೆ. ಹಿಡನ್ ಜೆಮ್" ಅಂದೆ. ಕಾರು ಖುಷಿಯಿಂದ ತಿರುಗಿತು. ನಮ್ಮ ಹೋಟೆಲಿನಲ್ಲಿ ಒಂದು ಟೇಬಲ್ ಉಳಿಯಿತಲ್ಲ, ಕೂತು ಎರಡು ಇಡ್ಲಿ ತಿಂದೆ. ಮುಂಚಿನ ರುಚಿ ಇಲ್ಲ.

ಮಧ್ಯಾಹ್ನ ಹಾಸನದಿಂದ ಗೆಳೆಯ ಫೋನ್ ಮಾಡಿದ. ನನ್ನ ಸಾಧನೆ ಹೇಳಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಬಿಳಿ ಕಾರಾ? ಏಳು ಜನ? ಅಯ್ಯೋ ಮಾರಾಯ, ನಾನು ಈಗಷ್ಟೇ ಅವರನ್ನ ಚಿಕ್ಕಮಗಳೂರಿಗೆ ಕಳಿಸಿದೆ."

ಇಷ್ಟು ಹೊತ್ತಿಗೆ ಬೇಲೂರು ದಾಟಿರಬೇಕು.