ಕಾರ್ಟೂನಿನ ತಲೆ ಕಡಿಯೋ ಮಹನೀಯರಿಗೆ

ನಿನ್ನೆ ರಾತ್ರಿಯಿಂದ ಪಿತ್ತ ನೆತ್ತಿಗೇರಿದೆ. ತೊಂಬತ್ತರ ದಶಕದ ಕಾರ್ಟೂನೊಂದು ಆ್ಯಪ್‌ನಲ್ಲಿ ಬಂದಿದೆ ಅಂತ ಗೊತ್ತಾಯ್ತು. ನನ್ನ ಹುಚ್ಚು ನಿಮಗೆ ಗೊತ್ತೇ ಇದೆಯಲ್ಲ, ಎಲ್ಲ ಬಿಟ್ಟು ಕೂತೆ. (ಯಾವ ಆ್ಯಪ್ಪು ಅಂತ ಕೇಳಬೇಡಿ.) ಒಬ್ಬ ಉದ್ದನೆಯವನು, ಒಬ್ಬ ಗಿಡ್ಡ, ಪಕ್ಕಪಕ್ಕ ನಿಂತು ಜಗಳ ಆಡ್ತಿದ್ದಾರೆ. ಉದ್ದನೆಯವನಿಗೆ ಹುಬ್ಬಿನಿಂದ ಮೇಲೆ ಏನೂ ಇಲ್ಲ. ಗಿಡ್ಡನಿಗೆ ಮೂಗಿನಿಂದ ಕೆಳಗೆ ಏನೂ ಇಲ್ಲ. ಬೈಗುಳ ಮಾತ್ರ ಕೇಳಿಸ್ತಿದೆ, ಬೈತಿರೋ ಬಾಯಿ ನಾಪತ್ತೆ!

ಆಗಿರೋದಿಷ್ಟೇ. 4:3 ಅಳತೆಯ (ಅಗಲ ನಾಲ್ಕಾದರೆ ಎತ್ತರ ಮೂರು) ಹಳೇ ಚಿತ್ರವನ್ನ ಈಗಿನ 16:9ರ ಅಗಲದ ಟಿವಿ ತುಂಬಿಸೋಕೆ ಅಂತ ಮೇಲೂ ಕೆಳಗೂ ಕತ್ತರಿಸಿದ್ದಾರೆ. ಲೆಕ್ಕ ಹಾಕಿ ನೋಡಿ, ಎತ್ತರದಲ್ಲಿ ಕಾಲು ಭಾಗ ಗೋತಾ. ಅದರ ಮೇಲೆ ‘ರೀಮಾಸ್ಟರ್ಡ್’, ಅಂದ್ರೆ ಹಳೇದನ್ನ ತಿದ್ದಿ ತೀಡಿ ಹೊಸದು ಮಾಡಿದ್ದು, ಅನ್ನೋ ಬಿರುದು ಬೇರೆ.

ಕ್ಯಾಮೆರಾ ಇಟ್ಟು ತೆಗೆದ ದೃಶ್ಯದಲ್ಲಾದರೆ ಅಂಚಿನಲ್ಲಿ ಬೇಡದ್ದು ಏನಾದರೂ ಬಂದಿರಬಹುದು. ಕಾರ್ಟೂನಿನಲ್ಲಿ ತಾನಾಗೇ ಬಂದು ಕೂರೋದು ಒಂದೂ ಇಲ್ಲ, ಮೂಲೆಯಲ್ಲಿರೋ ಕಸದ ಬುಟ್ಟಿಯನ್ನೂ ಒಬ್ಬರು ಕೂತು ಬರೆದಿರ್ತಾರೆ. 1992ರ ಬ್ಯಾಟ್‌ಮ್ಯಾನ್ ಸರಣಿಯಲ್ಲಿ ಹಿನ್ನೆಲೆಗಳನ್ನ ಕಪ್ಪು ಕಾಗದದ ಮೇಲೇ ಬರೆಸುತ್ತಿದ್ದರು. ಆ ಸರಣಿ ಕಟ್ಟಿದವರಲ್ಲಿ ಒಬ್ಬರಾದ ಎರಿಕ್ ರಾಡಮ್ಸ್ಕಿಯ ಐಡಿಯಾ ಅದು. ಕತ್ತಲು ಮೊದಲೇ ಇರ್ತಿತ್ತು, ಬೆಳಕನ್ನ ಮಾತ್ರ ಬಣ್ಣದಲ್ಲಿ ತರ್ತಿದ್ದರು. ಕೆಂಪು ಆಕಾಶ, ಅದರೊಳಗೆ ನುಗ್ಗಿ ಹೋಗೋ, ಬ್ಯಾಟ್‌ಮ್ಯಾನ್‌ನ ಊರು ಗಾಥಮ್ಮಿನ ಗೋಪುರಗಳು. ಆ ಊರಿನ ಭಯ ಇರೋದೇ ಎತ್ತರದಲ್ಲಿ. ಅದರ ಮೇಲೂ ಕತ್ತರಿ ಆಡಿಸಿದರೆ ಉಳಿಯೋದು ಬಾಗಿಲು, ಕಿಟಕಿ, ಫುಟ್‌ಪಾತು. ಅದೇ ಸರಣಿಯ ಖಳನಾಯಕ ಮಿಸ್ಟರ್ ಫ್ರೀಜ್ ಕತೆ ನೋಡಿ ನಾನು ಈಗಲೂ ಅಳ್ತೀನಿ. ನಗೋರು ನಕ್ಕೊಳ್ಳಿ.

ನಾನೊಬ್ಬನೇ ಕಿರುಚಾಡ್ತಿಲ್ಲ. 2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಆ್ಯಪ್ ಶುರುವಾದಾಗ ‘ಸಿಂಪ್ಸನ್ಸ್’ ಅನ್ನೋ ಅಮೆರಿಕನ್ ಕಾರ್ಟೂನಿನ ಹಳೇ ಕಂತುಗಳಿಗೂ ಇದೇ ಗತಿ ಆಗಿತ್ತು. ಡಫ್ ಬಿಯರ್ ಕಾರ್ಖಾನೆಯ ದೃಶ್ಯ ನೆನಪಿದೆಯಾ? ಡಫ್, ಡಫ್ ಲೈಟ್, ಡಫ್ ಡ್ರೈ ಅಂತ ಮೂರು ದೊಡ್ಡ ಪೀಪಾಯಿ. ಮೇಲೆ ನೋಡಿದರೆ ಮೂರಕ್ಕೂ ಒಂದೇ ಪೈಪು! ಜೋಕು ಇರೋದೇ ಆ ಪೈಪಿನಲ್ಲಿ. ಕತ್ತರಿ ಬಿದ್ದದ್ದೂ ಅದಕ್ಕೇ. ಜನ ಬೈದು ಬೈದು ಇಟ್ಟ ಮೇಲೆ 2020ರ ಮೇ ತಿಂಗಳಲ್ಲಿ ಹಳೇ ಅಳತೆಯಲ್ಲೇ ನೋಡೋ ಅವಕಾಶ ಕೊಟ್ಟರು. ಅಂದ್ರೆ ಮನಸ್ಸು ಮಾಡಿದರೆ ಆಗುತ್ತೆ ಅಂತಾಯ್ತಲ್ಲ.

“ಆಗಿನ ಡಬ್ಬಾ ಟಿವಿಗಳೂ ಅಂಚನ್ನ ನುಂಗ್ತಿದ್ದವು ಗುರೂ” ಅಂತ ಒಬ್ಬ ಗೆಳೆಯ ತಾಂತ್ರಿಕ ಪಾಂಡಿತ್ಯ ತೋರಿಸಿದ. ನುಂಗ್ತಿದ್ದವು, ನಿಜ. ಅದು ಬರೆಯೋರಿಗೂ ಗೊತ್ತಿತ್ತು. ಅದಕ್ಕೇ ಮುಖ್ಯವಾದದ್ದನ್ನ ಅಂಚಿನಿಂದ ಒಳಗಿಟ್ಟು ಬರೀತಿದ್ದರು. ಈ ಕತ್ತರಿ ಆ ಒಳಗಿನದಕ್ಕೇ ಕೈ ಹಾಕಿದೆ ಸ್ವಾಮಿ! ಇನ್ನೊಬ್ಬರು “ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಕಣ್ಣಿಗೆ ಹಿಂಸೆ” ಅಂದರು. ಫೋನನ್ನ ಉದ್ದಕ್ಕೆ ಹಿಡಿದು ಅಡ್ಡ ವಿಡಿಯೋ ನೋಡುವಾಗ ಮೇಲೂ ಕೆಳಗೂ ಸೇರಿ ಅರ್ಧಕ್ಕೂ ಹೆಚ್ಚು ಪರದೆ ಕಪ್ಪಗಿರುತ್ತಲ್ಲ, ಆಗ ಎಲ್ಲಿ ಹೋಗಿತ್ತು ಈ ಹಿಂಸೆ?

ಟಿವಿ ಸೆಟ್ಟಿಂಗಿನಲ್ಲಿ 4:3 ಒತ್ತು ಅನ್ನೋ ಸಲಹೆಗಾರರೇ, ಒತ್ತಿ ನೋಡಿದೀನಿ. ಹೋದ ತಲೆ ವಾಪಸ್ ಬರಲ್ಲ, ಇದ್ದ ಮುಖ ಸೋರೆಕಾಯಿ ಆಗುತ್ತೆ ಅಷ್ಟೇ.

ಡಿವಿಡಿ ಕೊಳ್ಳೋಣ ಅಂದರೆ ಅಲ್ಲೂ ನೆಮ್ಮದಿ ಇಲ್ಲ. ಜಪಾನಿನ ಕಾರ್ಟೂನು ಡ್ರ್ಯಾಗನ್ ಬಾಲ್ ಝಡ್‌ನ 2007ರ ಅಮೆರಿಕನ್ ಡಿವಿಡಿ ಸೆಟ್ಟುಗಳೂ ಹೀಗೇ ಕತ್ತರಿಸಿದ ಮಾಲು. ಯಾರ ಹತ್ತಿರ ಆದರೂ ತೊಂಬತ್ತರ ಕಾರ್ಟೂನುಗಳ ಹಳೇ ಡಿಸ್ಕುಗಳಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಗೀರು ಬಿದ್ದಿದ್ದರೂ ಪರವಾಗಿಲ್ಲ, ತಲೆ ಇದ್ದರೆ ಸಾಕು.