ನೇರಳೆ ಸ್ಕೆಚ್ ಪೆನ್ನಿನ ಓಟು

2024ರ ಜೂನ್ 3. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದ ಮತದಾನ. ಸಾಲಿನಲ್ಲಿ ನನ್ನ ಎದುರಿದ್ದ ಹಿರಿಯರೊಬ್ಬರು ಬ್ಯಾಲೆಟ್ ಪೇಪರನ್ನು ಆಚೆ ಈಚೆ ತಿರುಗಿಸಿ, "ಇದರಲ್ಲಿ ಚಿಹ್ನೆಯೇ ಇಲ್ವಲ್ಲ, ಒತ್ತುವುದು ಎಲ್ಲಿ?" ಅಂದರು. "ಒತ್ಲಿಕ್ಕಿಲ್ಲ ಸಾರ್, ಬರೀಲಿಕ್ಕೆ" ಅಂತ ಸಿಬ್ಬಂದಿ ನೇರಳೆ ಬಣ್ಣದ ಸ್ಕೆಚ್ ಪೆನ್ ಕೈಗೆ ಕೊಟ್ಟರು. ಮೆಚ್ಚಿದವರ ಹೆಸರಿನ ಎದುರು 1, ಅವರಾಗದಿದ್ದರೆ ಇವರು ಅಂತ 2, ಹಾಗೇ 3. ಬರೀ 1 ಬರೆದು ಬಂದರೂ ಓಟು ಊರ್ಜಿತ. ಆದರೆ ರೈಟ್ ಮಾರ್ಕ್ ಹಾಕಿದರೆ ತಿರಸ್ಕೃತ. ನನ್ನ ಇಂಜಿನಿಯರ್ ಗೆಳೆಯ ಚಂದದ ರೈಟ್ ಮಾರ್ಕ್ ಹಾಕಿ, ಬೆರಳಿನ ಶಾಯಿಯ ಫೋಟೋ ಸ್ಟೇಟಸ್ಸಿಗೂ ಹಾಕಿದ್ದ.

ಇದನ್ನು ಬರೆಯಲು ಕಾರಣ ಉಂಟು. ನಮ್ಮ ಚುನಾವಣಾ ಪದ್ಧತಿ ಬದಲಾಗಬೇಕು ಅಂದ ಕೂಡಲೇ "ಅದೆಲ್ಲ ಫಾರಿನ್ನಿನವರಿಗೆ, ನಮ್ಮ ಜನಕ್ಕೆ ಅರ್ಥ ಆಗ್ಲಿಕ್ಕಿಲ್ಲ" ಅನ್ನುವವರು ಬಹಳ. ಮಾರಾಯ್ರೆ, ಅದು ಮಂಗಳೂರಲ್ಲೇ ಉಂಟು.

ವಿಧಾನಸಭೆಗೆ, ಲೋಕಸಭೆಗೆ ಈಗಿರುವ ಪದ್ಧತಿಯಲ್ಲಿ ಯಾರಿಗೆ ಹೆಚ್ಚು ಓಟೋ ಅವರು ಗೆದ್ದರು, ಉಳಿದ ಓಟೆಲ್ಲ ನೀರಿನಲ್ಲಿಟ್ಟ ಹೋಮ. 2018ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಶೇ. 38 ಮತ, ಬಿಜೆಪಿಗೆ ಶೇ. 36. ಸೀಟು ನೋಡಿದರೆ ಬಿಜೆಪಿಗೆ 104, ಕಾಂಗ್ರೆಸ್ಸಿಗೆ ಎಂಬತ್ತರ ಆಸುಪಾಸು. ನಮ್ಮ ಜಿಲ್ಲೆಯದ್ದು ಇನ್ನೂ ತಮಾಷೆ. 2013ರಲ್ಲಿ ದಕ್ಷಿಣ ಕನ್ನಡದ ಎಂಟರಲ್ಲಿ ಏಳು ಕಾಂಗ್ರೆಸ್ಸಿಗೆ, 2018ರಲ್ಲಿ ಎಂಟರಲ್ಲಿ ಏಳು ಬಿಜೆಪಿಗೆ. ಐದೇ ವರ್ಷದಲ್ಲಿ ಜಿಲ್ಲೆಗೆ ಜಿಲ್ಲೆಯೇ ಮನಸ್ಸು ಮಗುಚಿ ಹಾಕಿತೇ? ಇಲ್ಲ. ಒಂದಷ್ಟು ಜನ ಆಚೆಯಿಂದ ಈಚೆ ಬಂದರು, ಅಷ್ಟೆ. ಸೀಟಿನ ಲೆಕ್ಕ ಮಾತ್ರ ಪಲ್ಟಿ.

ಪುತ್ತೂರಿನಲ್ಲಿ ಅಡಿಕೆ ತೋಟ ಇರುವ ನಮ್ಮ ಭಾವ 2023ರ ಫಲಿತಾಂಶವನ್ನು ಇವತ್ತಿಗೂ ಮರೆತಿಲ್ಲ. ಕಾಂಗ್ರೆಸ್ಸಿನ ಅಶೋಕ್ ರೈ 66 ಸಾವಿರ ಚಿಲ್ಲರೆ, ಪಕ್ಷೇತರ ಅರುಣ್ ಪುತ್ತಿಲ 62 ಸಾವಿರ ಚಿಲ್ಲರೆ, ಬಿಜೆಪಿಯ ಆಶಾ ತಿಮ್ಮಪ್ಪ 37 ಸಾವಿರ ಚಿಲ್ಲರೆ. ಗೆದ್ದವರಿಗೆ ಬಿದ್ದದ್ದು ನೂರರಲ್ಲಿ ನಲವತ್ತಕ್ಕಿಂತ ಕಮ್ಮಿ. ಯಾರು ಗೆಲ್ಲಬೇಕಿತ್ತು ಅಂತ ನಾನು ಹೇಳುತ್ತಿಲ್ಲ, ಕಮೆಂಟಿನಲ್ಲಿ ಜಗಳ ಬೇಡ. ಪದವೀಧರ ಕ್ಷೇತ್ರದ ಪದ್ಧತಿ ಇದ್ದಿದ್ದರೆ, ಯಾರೂ ಅರ್ಧ ದಾಟದ ಕಾರಣ ಮೂರನೇ ಸ್ಥಾನದವರ ಆ 37 ಸಾವಿರ ಮತಪತ್ರಗಳನ್ನು ತೆರೆದು "ನಿಮ್ಮ 2 ಯಾರಿಗೆ?" ಅಂತ ನೋಡುತ್ತಿದ್ದರು. ಈಗ ಅದನ್ನು ಕೇಳುವವರೇ ಇಲ್ಲ.

ಶ್ರೀಲಂಕಾದ ಅಧ್ಯಕ್ಷರ ಚುನಾವಣೆಯಲ್ಲಿ ಹೆಚ್ಚುಕಡಿಮೆ ಇದೇ ಕ್ರಮ. 2024ರಲ್ಲಿ ಯಾರಿಗೂ ಅರ್ಧ ದಾಟದೆ, ಅಲ್ಲಿ ಮೊದಲ ಸಲ ಎರಡನೇ ಪ್ರಾಶಸ್ತ್ಯ ಎಣಿಸಿದರು. ಕಡೆಗೂ ಗೆದ್ದದ್ದು ಮೊದಲ ಸುತ್ತಿನಲ್ಲಿ ಮುಂದಿದ್ದ ಅನುರ ಕುಮಾರ ದಿಸಾನಾಯಕೆ ಅವರೇ.

ಆದರೆ 1, 2, 3 ಬರೆದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ಸೀಟು ಒಂದೇ ಆದರೆ ನೂರರಲ್ಲಿ ಸೋತ ನಲವತ್ತೈದು ಜನ ಸೋತವರೇ. ಗುಟ್ಟು ಇರುವುದು ಸೀಟಿನ ಸಂಖ್ಯೆಯಲ್ಲಿ. ಇದಕ್ಕೂ ಉದಾಹರಣೆ ಇಲ್ಲೇ ಉಂಟು. ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಸೇರಿ ಇಬ್ಬರನ್ನು ಆರಿಸುತ್ತಾರೆ. ಓಟು ಹಾಕುವವರಲ್ಲಿ ಬಹುಪಾಲು ಪಂಚಾಯತ್ ಸದಸ್ಯರು. ಎರಡು ಸೀಟಿದ್ದಾಗ ಮೂರರಲ್ಲೊಂದು ಪಾಲು ದಾಟಿದರೆ ಗೆಲುವು, ಅದಕ್ಕೆ 'ಕೋಟಾ' ಅನ್ನುತ್ತಾರೆ (ನಮ್ಮ ಸಾಲಿಗ್ರಾಮದ ಪಕ್ಕದ ಕೋಟ ಅಲ್ಲ). 2021ರಲ್ಲಿ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ, ಕಾಂಗ್ರೆಸ್ಸಿನ ಮಂಜುನಾಥ ಭಂಡಾರಿ ಇಬ್ಬರೂ ಕೋಟಾ ದಾಟಿದರು. ಮುಂದೆ ಪೂಜಾರಿಯವರು ಸಂಸದರಾದರು, 2024ರ ಅಕ್ಟೋಬರಿನಲ್ಲಿ ಉಪಚುನಾವಣೆ ಬಂತು. ಹೆಚ್ಚುಕಡಿಮೆ ಅದೇ ಸದಸ್ಯರು, ಅದೇ ಪಂಚಾಯತುಗಳು. ಸೀಟು ಮಾತ್ರ ಒಂದು. ಬಿಜೆಪಿಯ ಕಿಶೋರ್ ಕುಮಾರ್ ಪುತ್ತೂರು ಗೆದ್ದರು, ಎದುರಿನವರ ಓಟಿಗೆ ಸಿಕ್ಕಿದ ಸೀಟು ಸೊನ್ನೆ.

ಜರ್ಮನಿಯ ಪದ್ಧತಿ ಹೊಗಳುವವರೂ ಇದ್ದಾರೆ. ಒಂದು ಓಟು ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. ಸಾಮಾನ್ಯವಾಗಿ ಶೇ. 5 ದಾಟಿದ ಪಕ್ಷಕ್ಕೆ ಓಟಿನಷ್ಟೇ ಸೀಟು. ಒಂದು ಕಾಲದಲ್ಲಿ ನನಗೂ ಅದೇ ಇಷ್ಟ ಇತ್ತು. ನೇಪಾಳದಲ್ಲೂ 275ರಲ್ಲಿ 110 ಸೀಟು ಪಕ್ಷದ ಪಟ್ಟಿಯಿಂದ. ನಮ್ಮ ಫ್ಲ್ಯಾಟಿನ ನೇಪಾಳಿ ವಾಚ್‌ಮನ್ ಹತ್ತಿರ ಕೇಳಿದೆ. "ಪಟ್ಟಿ ಬರೆಯುವುದು ಲೀಡರ್ ಅಲ್ವಾ ಸಾರ್" ಅಂತ ನಕ್ಕ. ನಮ್ಮಲ್ಲಿ ಆ ಪಟ್ಟಿ ಎಲ್ಲಿ ಬರೆಯುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಟಿಕೆಟ್ ಹಂಚುವ ಹೈಕಮಾಂಡಿಗೆ ಸೀಟನ್ನೂ ಹಂಚಲಿಕ್ಕೆ ಕೊಡುವುದು ನನಗೆ ಒಪ್ಪಿಗೆ ಇಲ್ಲ.

ಹಾಗಾಗಿ ನನ್ನ ಓಟು ಐರ್ಲೆಂಡಿನ ಮಾದರಿಗೆ. ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳನ್ನು ನಾಲ್ಕು ನಾಲ್ಕು ಸೀಟಿನ ಎರಡು ಕ್ಷೇತ್ರ ಮಾಡಿ. ನಾವು 1, 2, 3 ಬರೆಯುವ. ಐದರಲ್ಲೊಂದು ಪಾಲು ದಾಟಿದವರು ಶಾಸಕರು. ಪಕ್ಷದವರಲ್ಲೇ ಯಾರು ಬೇಕು ಅಂತ ಆರಿಸುವವರೂ ನಾವೇ. ತೊಂದರೆ ಇಲ್ಲ ಅಂತಲ್ಲ: ಎಣಿಕೆಗೆ ದಿನಗಟ್ಟಲೆ ಬೇಕು, ಒಂದೇ ಪಕ್ಷದವರೇ ಪರಸ್ಪರ ಕಾಲೆಳೆಯುತ್ತಾರೆ (ಈಗ ಎಳೆಯುವುದಿಲ್ಲವಾ?), ಸಮ್ಮಿಶ್ರ ಸರ್ಕಾರಗಳು ಹೆಚ್ಚುತ್ತವೆ. ಸಂವಿಧಾನ ಸಭೆಯಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯದ (ಅಂದರೆ ಓಟಿನ ಪಾಲಿಗೆ ತಕ್ಕ ಸೀಟು) ತಿದ್ದುಪಡಿ ಬಂದಾಗ ಅಂಬೇಡ್ಕರ್ ಒಪ್ಪದಿರಲು ಸ್ಥಿರ ಸರ್ಕಾರದ ಚಿಂತೆಯೂ ಒಂದು ಕಾರಣ, ಜನ ಅಕ್ಷರಸ್ಥರಲ್ಲ ಅನ್ನುವುದು ಇನ್ನೊಂದು. ಎರಡನೆಯದ್ದು ಈಗ ನಮ್ಮ ಜಿಲ್ಲೆಯಲ್ಲಂತೂ ನಿಲ್ಲುವುದಿಲ್ಲ. ಮೊದಲನೆಯದ್ದಕ್ಕೆ, ಒಂದೇ ಸೀಟಿನ ಪದ್ಧತಿ ಇದ್ದೂ 2018ರಿಂದ 2023ರೊಳಗೆ ಎಷ್ಟು ಮುಖ್ಯಮಂತ್ರಿಗಳನ್ನು ನೋಡಿದೆವು ಅಂತ ಬೆರಳು ಮಡಚಿ ನೋಡಿ.

ಮೊನ್ನೆ ಭಾವನಿಗೆ ಇಷ್ಟನ್ನೂ ಹೇಳಿದೆ. ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡರು.

"ನಾಲ್ಕು ಜನ ಎಮ್ಮೆಲ್ಲೆ ಇದ್ದರೆ ಚರಂಡಿಗೆ ಯಾರಿಗೆ ಫೋನ್ ಮಾಡುವುದು?"

"ಪಂಚಾಯತ್ ವಾರ್ಡಿನಲ್ಲಿ ನಿಮಗೆ ಮೂರು ಮೆಂಬರ್ ಇಲ್ವಾ ಭಾವ? ಎತ್ತಿದವರಿಗೆ ಮಾಡುವುದು."

"ಅದು ಸರಿ. ಬ್ರಹ್ಮಕಲಶದ ಫ್ಲೆಕ್ಸಿನಲ್ಲಿ ಯಾರ ಫೋಟೋ ದೊಡ್ಡದು ಹಾಕುವುದು ಮಾರಾಯ?"

ಅದಕ್ಕೆ ಐರ್ಲೆಂಡಿನಲ್ಲೂ ಉತ್ತರ ಇರಲಿಕ್ಕಿಲ್ಲ. "ಪ್ರಾಶಸ್ತ್ಯದ ಕ್ರಮದಲ್ಲಿ ಹಾಕಿ" ಅಂದೆ.