ನೋಡಬಾರದ ಚಂದ್ರ, ನೋಡಲೇಬೇಕಾದ ಚಂದ್ರ

ಚಂದ್ರನ ವಿಷಯದಲ್ಲಿ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಫ್ಲಾಟಿಗೆ ಭಾರಿ ಅನ್ಯಾಯವಾಗಿದೆ. ಗಣೇಶ ಚೌತಿಯ ದಿನ ನೋಡಬಾರದ ಚಂದ್ರ ಸಂಜೆಗೇ ಪಡುವಣದಲ್ಲಿರುತ್ತಾನೆ. ನಮ್ಮ ಅಡುಗೆಮನೆ ಕಿಟಕಿಯೂ ಅದೇ ದಿಕ್ಕಿಗೆ. ಸಂಕಷ್ಟಿಯ ದಿನ ನೋಡದೆ ಊಟವಿಲ್ಲ ಅನ್ನುವ ಚಂದ್ರ ಹುಣ್ಣಿಮೆ ಕಳೆದು ಬಂದವನು. ರಾತ್ರಿ ಒಂಬತ್ತರ ಆಸುಪಾಸಿಗೆ ಮೂಡಣದಲ್ಲಿ ಹುಟ್ಟುತ್ತಾನೆ. ಅಲ್ಲಿ ಹೊಸ ಟವರ್ ಎದ್ದಿದೆ.

ಅಮ್ಮ ಬೆಳಗಿನಿಂದ ಸಾಬುದಾಣಾ ಖಿಚಡಿಯ ಮೇಲೆ. ಕೈಯಲ್ಲಿ ಬೆಂಗಳೂರಿನ ಕ್ಯಾಲೆಂಡರು. ಒಂದು ಡಿಗ್ರಿ ಪಶ್ಚಿಮಕ್ಕೆ ಸರಿದರೆ ಚಂದ್ರ ನಾಲ್ಕು ನಿಮಿಷ ತಡ, ಹಾಗಾಗಿ ಅದರಲ್ಲಿರುವ ಚಂದ್ರೋದಯದ ಹೊತ್ತಿಗೆ ಇಲ್ಲಿಗೆ ಹದಿನೆಂಟಿಪ್ಪತ್ತು ನಿಮಿಷ ಸೇರಿಸಿಕೋ ಎಂದೆ. "ಹಸಿವಿಗೆ ನಿನ್ನ ಡಿಗ್ರಿ ಗೊತ್ತಾಗಲ್ಲ ಕಣೋ" ಎಂದರು.

ಸರಿ, ಟವರ್ ದಾಟಲು ಎಷ್ಟು ಹೊತ್ತು ಅಂತ ಅಳೆಯೋಣವೆಂದು ಬಾಲ್ಕನಿಗೆ ಹೋದೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಟವರ್ ಎರಡು ಮುಷ್ಟಿ ಎತ್ತರ ಬಂತು. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಚಂದ್ರ ಓರೆಯಾಗಿ ಏರುತ್ತಾನೆ. ಅಂದರೆ ಹುಟ್ಟಿದ ಮೇಲೂ ಒಂದೂವರೆ ಗಂಟೆ ಉಪವಾಸ. ಲೆಕ್ಕ ಮುಗಿಸಿ ಕಣ್ಣು ಬಿಟ್ಟರೆ ಎದುರು ಬಿಲ್ಡಿಂಗಿನ ಕಾಕೂ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವರ ಕಡೆಯಿಂದ ನೋಡಿದರೆ ನಾನು ಗುದ್ದು ತೋರಿಸಿ ಕಣ್ಣು ಹೊಡೆಯುತ್ತಿದ್ದೆ. ಎರಡರಲ್ಲಿ ಯಾವುದಕ್ಕೆ ಸಿಟ್ಟು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಅಮ್ಮ ಹಿಂದಿನಿಂದ ಬಂದು, "ಚಂದ್ರ ದಿಸ್ಲಾ ಕಾ?" ಎಂದು ಮರಾಠಿಯಲ್ಲಿ (ಚಂದ್ರ ಕಂಡನಾ ಅಂತ) ಕೂಗಿ ಮಾನ ಉಳಿಸಿದರು. ಕಾಕೂಗೂ ಸಂಕಷ್ಟಿಯೇ.

ಉಳಿದದ್ದು ಟೆರೇಸು. ಸೆಕ್ರೆಟರಿಯ ಮನೆಯಿಂದ ಬೀಗದ ಕೈ ತಂದು ಮೇಲೆ ಹೋದೆವು. ಟವರಿನ ಬಲಕ್ಕೆ ಒಂದು ಸಂದಿಯಿದೆ. ಆದರೆ ಚಂದ್ರ ಪ್ರತಿ ಸಂಕಷ್ಟಿಗೂ ಒಂದೇ ಜಾಗದಲ್ಲಿ ಹುಟ್ಟುವುದಿಲ್ಲ ನೋಡಿ. ಚಳಿಗಾಲದಲ್ಲಿ ಉತ್ತರಕ್ಕೆ ಜರುಗಿ ಟವರಿನ ಹಿಂದೆ ಕೂರುತ್ತಾನೆ, ಮಳೆಗಾಲದಲ್ಲಿ ದಕ್ಷಿಣಕ್ಕೆ ಬಂದು ಸಂದಿಯಲ್ಲಿ ಸಿಗುತ್ತಾನೆ. ಮಳೆಗಾಲದಲ್ಲಿ ಮೋಡ, ಅದು ಬೇರೆ ಮಾತು. ಶ್ರಾವಣದ ಆ ರಾತ್ರಿ ಮೋಡ ಸರಿದು ಕೆಂಪಗೆ ಕಂಡೇಬಿಟ್ಟ. ಅಮ್ಮ ಅರ್ಘ್ಯ ಬಿಟ್ಟು, ಯಾರಿಗೂ ಕಾಯದೆ ಓಡಿ ಬಂದು ಊಟಕ್ಕೆ ಕೂತರು.

ಮುಂದಿನ ಪಕ್ಷದಲ್ಲೇ ಗಣೇಶ ಚೌತಿ. ದಿನವಿಡೀ ಪರದೆ ಎಳೆದೇ ಇತ್ತು. ಸಂಜೆ ಅನ್ನದ ಗಂಜಿ ಬಸಿಯುವಾಗ ಹಬೆಗೆಂದು ಅಮ್ಮ ಚೂರೇ ಚೂರು ಸರಿಸಿದರು. ಸ್ವಚ್ಛ ಆಕಾಶ, ತೆಳ್ಳನೆ ಚಂದ್ರ, ನೇರ ಕಣ್ಣಿಗೆ!

"ಹೋಯ್ತು, ಇನ್ನು ಕಳ್ಳತನದ ಅಪವಾದ ಖಂಡಿತ" ಎಂದು ಸ್ಯಮಂತಕ ಮಣಿಯ ಕಥೆ ಕೇಳಲು ಕೂತರು. ಕೃಷ್ಣನಿಗೇ ತಪ್ಪಲಿಲ್ಲವಂತೆ, ನಮಗೆ ತಪ್ಪೀತೇ? ನಾವು ಕದಿಯೋದಾದರೂ ಏನನ್ನು, ಯಾರದ್ದನ್ನು ಅಂತ ನಾನು ನಕ್ಕೆ.

ಮರುದಿನ ಲಿಫ್ಟಿನ ಪಕ್ಕ ಸೊಸೈಟಿಯ ನೋಟಿಸು: ಟೆರೇಸಿನ ಬೀಗದ ಕೈ ಕಾಣೆಯಾಗಿದೆ, ಕೊನೆಗೆ ಒಯ್ದವರು ತಂದೊಪ್ಪಿಸಬೇಕು. ಅಮ್ಮ ಓದಿ, ಸುಮ್ನೆ ಅರ್ಘ್ಯದ ಉದ್ಧರಣೆಯಿರುವ ಡಬ್ಬಿ ತೆರೆಯಲು ಒಳಗೆ ಹೋದರು.